ಮೂರು ಗೇಣಿನವರು ಎತ್ತಿದ ಕಲ್ಲು

ಮೊಬೈಲ್ ಬಿಟ್ಟು ಹೊರಗೆ ಹೋಗದ ಮಕ್ಕಳನ್ನು ಸಲಹೆಗೆಂದು ನನ್ನ ಬಳಿ ಮತ್ತೆ ಮತ್ತೆ ಕರೆತರುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಈತ ಗಂಗಾವತಿ ಕಡೆಯ ಹುಡುಗ, ಹದಿಮೂರು ವರ್ಷ. ಶಾಲೆ ಬಿಟ್ಟರೆ ಮನೆ, ಮನೆಯಲ್ಲಿ ಮೊಬೈಲ್. ಅಪ್ಪ ಅದನ್ನು ಕಸಿದಿಟ್ಟಾಗ ಎರಡು ದಿನ ಊಟ ಬಿಟ್ಟಿದ್ದ.

ಮೂರನೇ ಭೇಟಿಯಲ್ಲಿ ಬಾಯಿ ಬಿಟ್ಟ. "ಹೊರಗ ಏನೈತ್ರಿ ಮೇಡಂ? ಬರೇ ಕಲ್ಲು, ಬಿಸಲು."

ಹೊರಗಿನ ಗಾಳಿ ಒಳ್ಳೆಯದು, ಕಣ್ಣಿಗೆ ಒಳ್ಳೆಯದು ಎಂದು ಅವನಿಗೆ ಎಲ್ಲರೂ ಹೇಳಿಯಾಗಿತ್ತು. ನಾನು ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದ ಕಥೆ ಹೇಳಿದೆ. ಮೋರ್ಯರು ಮೂರು ಗೇಣಿನ ಮಂದಿ. ಬೆಂಕಿ ಮಳೆ ಬರುತ್ತದೆಂದು ತಿಳಿದು ಕಲ್ಲಿನ ಮನೆ ಕಟ್ಟಿಕೊಂಡರು. ಬಾಗಿಲಿಗೆ ಒಂದೇ ಒಂದು ದುಂಡು ಕಿಂಡಿ. ಅಷ್ಟಕ್ಕೇ ನಿಲ್ಲಿಸಿದೆ.

ಮೊಬೈಲಿನ ಕವರನ್ನು ಉಗುರಿನಿಂದ ಕೆರೆಯುತ್ತಿದ್ದವನ ಕೈ ನಿಂತಿತು. "ಮೂರು ಗೇಣಿನವ್ರು ಅಷ್ಟು ದೊಡ್ಡ ಕಲ್ಲು ಹೆಂಗ ಎತ್ತಿದ್ರು?"

"ಎಷ್ಟು ದೊಡ್ಡದೈತಿ, ನೀನೇ ಗೇಣು ಹಾಕಿ ಬಾ" ಎಂದೆ.

ಅಪ್ಪನಿಗೆ ಹೇಳಿದ್ದು: ಭಾನುವಾರ ನಸುಕಿನಲ್ಲೇ ಹೊರಡಿ, ಬಿಸಿಲೇರುವ ಮೊದಲು ಇಳಿಯಿರಿ. ಆ ಗುಡ್ಡಗಳಲ್ಲಿ ಕರಡಿ ಇವೆ, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ದಾರಿಯಲ್ಲಿ ಮೊಬೈಲಿನ ಮಾತು ಬೇಡ. ಬಡಿದರೆ ನಗಾರಿಯಂತೆ ಸದ್ದು ಮಾಡುವ ನಗಾರಿ ಗುಂಡು ತೋರಿಸಿ, ಅದರ ಕಥೆ ಮಾತ್ರ ಮುಂದಿನ ವಾರಕ್ಕೆ ಉಳಿಸಿ.

"ಸುಳ್ಳು ಕಥಿ ಹೇಳಿ ಕರ್ಕೊಂಡು ಹೋಗೂದ್ರಿ?" ಅವರಿಗೆ ಬೇಸರವಾಗಿತ್ತು.

ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಆ ಕಲ್ಲಿನ ಮನೆಗಳು ನಿಜಕ್ಕೂ ಎರಡು ಸಾವಿರ ವರ್ಷಕ್ಕೂ ಹಳೆಯ ಶಿಲಾ ಸಮಾಧಿಗಳು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿವೆ. ಹುಡುಗನಿಗೆ ಅದನ್ನೂ ಹೇಳಲೇಬೇಕು, ಆದರೆ ಗುಡ್ಡದ ಮೇಲೆ, ಅವನು ಕೇಳಿದಾಗ. ಆ ಕಿಂಡಿಗಳನ್ನು ನೋಡಿ ಬೆರಗಾದ ನಮ್ಮ ಹಿರಿಯರು ಕಟ್ಟಿದ ಕಥೆ ಅದು. ಅದೇ ಬೆರಗು ಈ ಮಗುವಿಗೂ ಸಿಗಲಿ ಎಂಬುದಷ್ಟೇ ನನ್ನಾಸೆ. ಮೊದಲು ಮೊಬೈಲಿಗೆ ಸಮಯ ನಿಗದಿ ಮಾಡಿ ಎನ್ನುವವರಿದ್ದಾರೆ. ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಖಾಲಿಯಾದ ಆ ಒಂದು ತಾಸಿಗೆ ಮಗುವಿನ ಕೈಗೆ ಏನು ಕೊಡುತ್ತೀರಿ? ಕಥೆ ಹೇಳುವ ಅಜ್ಜಿಯಂದಿರು ಇನ್ನೂ ಮನೆಯಲ್ಲಿದ್ದಾರೆ, ಅವರನ್ನು ಕೇಳಿ. ಕಥೆಯ ಕೊನೆಯನ್ನು ಮನೆಯಲ್ಲಿ ಹೇಳಿ ಮುಗಿಸಬೇಡಿ.

ನಾಲ್ಕನೇ ಭೇಟಿಗೆ ಹುಡುಗ ನೋಟ್‌ಬುಕ್ ತಂದಿದ್ದ. ಮೊಬೈಲೂ ಜೇಬಿನಲ್ಲಿತ್ತು. ಕೊನೇ ಪುಟದಲ್ಲಿ ಪೆನ್ಸಿಲ್ ಬರಹ: "ಚಪ್ಪಡಿ ಹನ್ನೊಂದು ಗೇಣು. ಮ್ಯಾಲ ಕೈ ಮುಟ್ಟಲಿಲ್ಲ."

ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದು ಕಲ್ಲಿದೆ, 1294ರ ಶಾಸನದ್ದು. ಅದನ್ನು ಕೋಣ ಕಟ್ಟಿದ ಬಂಡಿಯಲ್ಲಿ ಎಳೆದು ತಂದದ್ದನ್ನೂ ಅಲ್ಲೇ ಕೆತ್ತಿದ್ದಾರೆ ಎಂದೆ.

"ಎಷ್ಟು ಕೋಣ ಕಟ್ಟ್ಯಾರ್ರಿ?"

"ಎಣಿಸಿ ಬಂದು ಹೇಳು."