ಜಗಲಿಯಲ್ಲಿ ಹಾಕಲು ಹೊರಾಂಗಣ ಟಿವಿಯೇ ಬೇಕೇ, ಮಾಮೂಲಿ ಟಿವಿ ಸಾಕೇ?

ನೀವು ಕೊಟ್ಟಿರುವ ವಿವರ ಇಷ್ಟು: ಮಂಗಳೂರಿನ ಹೊರವಲಯದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಮನೆ, ಮುಂದೆ ಹಂಚಿನ ಮಾಡಿನ ಜಗಲಿ. ಆಳ 10 ಅಡಿ, ಅಗಲ 14 ಅಡಿ, ಮಾಡಿನ ಅಂಚು ನೆಲದಿಂದ 8 ಅಡಿ ಎತ್ತರ. ಉತ್ತರಕ್ಕೆ ಕೋಣೆಯ ಗೋಡೆ ಇದೆ, ಪಶ್ಚಿಮ ಮತ್ತು ದಕ್ಷಿಣ ತೆರೆದಿವೆ. ಮನೆಬಾಗಿಲ ಪಕ್ಕದ ಗೋಡೆಗೆ 55 ಇಂಚಿನ ಟಿವಿ ಹಾಕಿ ಎಲ್ಲರೂ ಕೂತು ಐಪಿಎಲ್ ನೋಡಬೇಕು, ಅದಕ್ಕೆ ದುಬಾರಿ ಹೊರಾಂಗಣ ಟಿವಿಯನ್ನೇ ತರಬೇಕೇ ಎಂಬುದು ನಿಮ್ಮ ಪ್ರಶ್ನೆ.

ಬೇಡ. ಮಾಮೂಲಿ ಟಿವಿಗಳಲ್ಲೇ ಸ್ವಲ್ಪ ಹೆಚ್ಚು ಬೆಳಕಿನದನ್ನು ಆರಿಸಿ, ಗೋಡೆ ಬದಲಿಸಿ, ಮಳೆಗಾಲದಲ್ಲಿ ಒಳಗೆ ಒಯ್ಯುವ ಹಾಗೆ ಕೂರಿಸಿದರೆ ಸಾಕು. ಮಾಡೆಲ್ ನೋಡುವ ಮೊದಲು ಗೋಡೆ ತೀರ್ಮಾನವಾಗಬೇಕು. ಅದು ತಪ್ಪಿದರೆ ಎಷ್ಟು ದುಡ್ಡು ಸುರಿದರೂ ಚಿತ್ರ ಕಾಣುವುದಿಲ್ಲ.

ನೀವು ಅಂದುಕೊಂಡಿರುವ ಗೋಡೆ ಪಶ್ಚಿಮಕ್ಕೆ ಮುಖ ಮಾಡಿದೆ. 55 ಇಂಚಿನ ಟಿವಿ ಸುಮಾರು 4 ಅಡಿ ಅಗಲ, 2 ಕಾಲು ಅಡಿ ಎತ್ತರ ಇರುತ್ತದೆ. ಅದರ ಕೆಳಅಂಚು ನೆಲದಿಂದ ಮೂರೂವರೆ ಅಡಿಗೆ ಬಂದರೆ, ಮಾಡಿನ ಅಂಚಿಗೂ ಅದಕ್ಕೂ ಎತ್ತರದಲ್ಲಿ ನಾಲ್ಕೂವರೆ ಅಡಿ, ಅಡ್ಡಕ್ಕೆ 10 ಅಡಿ ಅಂತರ. ಅಂದರೆ ಸೂರ್ಯ ದಿಗಂತದಿಂದ 24 ಡಿಗ್ರಿಗಿಂತ ಕೆಳಗೆ ಇಳಿದ ಕೂಡಲೇ ಬಿಸಿಲು ಪರದೆಯನ್ನು ಮುಟ್ಟುತ್ತದೆ. ಏಪ್ರಿಲ್ ಮಧ್ಯದಲ್ಲಿ ಮಂಗಳೂರಿನಲ್ಲಿ ಸೂರ್ಯಾಸ್ತ 6.45ರ ಆಸುಪಾಸು, ಹೊತ್ತು ಗಂಟೆಗೆ ಹತ್ತಿರ ಹತ್ತಿರ 15 ಡಿಗ್ರಿ ಇಳಿಯುತ್ತದೆ. ಹಾಗಾಗಿ ಸಂಜೆ 5ರ ಸುಮಾರಿಗೆ ಬಿಸಿಲು ಟಿವಿಯ ಬುಡಕ್ಕೆ ಬೀಳಲು ಶುರುವಾಗಿ, 6 ಆಗುವ ಹೊತ್ತಿಗೆ ಇಡೀ ಪರದೆಯನ್ನು ಆವರಿಸುತ್ತದೆ. 3.30ಕ್ಕೆ ಶುರುವಾದ ಪಂದ್ಯದ ಎರಡನೇ ಇನಿಂಗ್ಸ್ ನಡೆಯುವುದೇ ಆಗ.

ನೇರ ಬಿಸಿಲು ಚಿತ್ರವನ್ನು ಮಸುಕು ಮಾಡುವುದಷ್ಟೇ ಅಲ್ಲ. ಕಪ್ಪು ಪರದೆ ಬಿಸಿಲನ್ನು ಹೀರಿ ಕಾಯುತ್ತದೆ. ಎಲ್‌ಸಿಡಿ ಪ್ಯಾನೆಲ್ ಒಳಗಿನ ದ್ರವಹರಳು ಒಂದು ಮಟ್ಟಕ್ಕಿಂತ ಬಿಸಿಯಾದರೆ ತನ್ನ ಜೋಡಣೆ ಕಳೆದುಕೊಂಡು, ಪರದೆಯಲ್ಲಿ ಕಪ್ಪು ಮಚ್ಚೆ ಮೂಡುತ್ತದೆ. ತಣಿದ ಮೇಲೆ ಮಚ್ಚೆ ಹೋಗಬಹುದು, ಆದರೆ ಪದೇಪದೇ ಹೀಗಾದರೆ ಬೆಳಕನ್ನು ಸೋಸುವ ಪೋಲರೈಸರ್ ಪದರ ಹಳದಿಯಾಗಿ ಹಾಳಾಗುತ್ತದೆ. ಅದಕ್ಕೆ ದುರಸ್ತಿ ಇಲ್ಲ, ಪ್ಯಾನೆಲ್ ಬದಲಾವಣೆಯೇ ಗತಿ.

ಉತ್ತರದ ಗೋಡೆಗೆ ಹಾಕಿದರೆ ಟಿವಿ ದಕ್ಷಿಣಕ್ಕೆ ಮುಖ ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಸೂರ್ಯ ನೇರ ಪಶ್ಚಿಮದಲ್ಲಿ ಅಥವಾ ತುಸು ಉತ್ತರಕ್ಕೆ ಸರಿದು ಇರುವುದರಿಂದ ಪರದೆಯ ಮೇಲೆ ಬಿಸಿಲು ಬೀಳುವುದೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಹೊತ್ತು ದಕ್ಷಿಣಕ್ಕೆ ವಾಲುವುದರಿಂದ ಸಂಜೆ ಓರೆಯಾಗಿ ಬಡಿಯುತ್ತದೆ. ಪಶ್ಚಿಮದ ಬದಿಗೆ ಒಂದು ಬಿದಿರಿನ ಪರದೆ ಇಳಿಬಿಟ್ಟರೆ ಅದೂ ತಪ್ಪುತ್ತದೆ. ಟಿವಿಯನ್ನು ಆ ಗೋಡೆಯ ಒಳಬದಿಗೆ, ಮನೆಗೆ ಹತ್ತಿರವಾಗಿ ಇಡಿ.

ಖರೀದಿಗೆ ಮೊದಲು ಎರಡು ಪರೀಕ್ಷೆ ಮಾಡಿ, ಎರಡೂ ಪಂದ್ಯ ನೋಡುವ ಹೊತ್ತಿಗೇ ಆಗಬೇಕು. ಒಂದು, ಟಿವಿ ಬರುವ ಜಾಗದಲ್ಲಿ ದೊಡ್ಡ ಕನ್ನಡಿ ಹಿಡಿಸಿ, ನೀವು ಕೂರುವ ಕಡೆಯಿಂದ ನೋಡಿ. ಕನ್ನಡಿಯಲ್ಲಿ ಆಕಾಶ ಅಥವಾ ಬಿಸಿಲು ಬಿದ್ದ ಅಂಗಳ ಕಂಡರೆ ಟಿವಿ ಪರದೆಯಲ್ಲೂ ಅದೇ ಕಾಣುತ್ತದೆ. ನಿಮ್ಮಲ್ಲಿ ದಕ್ಷಿಣ ತೆರೆದಿರುವುದರಿಂದ ಕಾಣುವ ಸಾಧ್ಯತೆ ಇದೆ. ಟಿವಿಯನ್ನು 5ರಿಂದ 10 ಡಿಗ್ರಿ ಮುಂದಕ್ಕೆ ಬಾಗಿಸಿದರೆ ಆಕಾಶದ ಬದಲು ಜಗಲಿಯ ನೆಲ ಪ್ರತಿಫಲಿಸುತ್ತದೆ, ಕೆಂಪು ಅಥವಾ ಕಪ್ಪು ನೆಲವಾದರೆ ಇನ್ನೂ ಒಳ್ಳೆಯದು. ಎರಡು, ಫೋನಿಗೆ ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಅಳೆಯುವ ಆ್ಯಪ್ ಹಾಕಿಕೊಂಡು, ಫೋನನ್ನು ಗೋಡೆಗೆ ಬೆನ್ನು ಕೊಟ್ಟು ಹಿಡಿದು ಓದಿ. ಅಂದಾಜು ಅಳತೆಯೇ ಆದರೂ ಇಲ್ಲಿಗೆ ಸಾಲುತ್ತದೆ.

ಆ ಅಂಕಿಯನ್ನು ಹೀಗೆ ಬಳಸಿ. ಮನೆಯೊಳಗೆ ಸಾಮಾನ್ಯವಾಗಿ 100ರಿಂದ 300 ಲಕ್ಸ್ ಇರುತ್ತದೆ, ನೇರ ಬಿಸಿಲಿನಲ್ಲಿ ಒಂದು ಲಕ್ಷದಷ್ಟು. ಪರದೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 2ರಷ್ಟನ್ನು ಎಲ್ಲ ಕಡೆಗೂ ಚದುರಿಸುತ್ತದೆ ಎಂದಿಟ್ಟುಕೊಂಡರೆ, 5,000 ಲಕ್ಸ್ ಇರುವ ಜಗಲಿಯಲ್ಲಿ ಟಿವಿಯ ಕಪ್ಪು ಬಣ್ಣವೇ ಸುಮಾರು 32 ನಿಟ್ಸ್ (ಪರದೆ ಹೊರಸೂಸುವ ಬೆಳಕಿನ ಅಳತೆ) ಬೆಳಗುತ್ತದೆ. 300 ನಿಟ್ಸ್‌ನ ಅಗ್ಗದ ಟಿವಿಯಲ್ಲಿ ಬಿಳಿಗೂ ಕಪ್ಪಿಗೂ ಹತ್ತು ಪಟ್ಟಿನ ವ್ಯತ್ಯಾಸ ಮಾತ್ರ ಉಳಿಯುತ್ತದೆ, ಚಿತ್ರ ತೊಳೆದಂತೆ ಪೇಲವ. ನನ್ನ ಲೆಕ್ಕ ಇದು: 1,000 ಲಕ್ಸ್ ಒಳಗಿದ್ದರೆ 400-500 ನಿಟ್ಸ್ ಸಾಕು. 5,000ದವರೆಗೆ 700ರಿಂದ 1,000 ಬೇಕು. 10,000 ದಾಟಿದರೆ ಗೋಡೆ ಬದಲಿಸಿ ಅಥವಾ ನೆರಳು ಮಾಡಿಸಿ, ಟಿವಿ ಬದಲಿಸಿ ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಹೇಳುವ ನಿಟ್ಸ್ ಅಂಕಿಯನ್ನು ಹಾಗೇ ನಂಬಬೇಡಿ. ಡಬ್ಬಿಯ ಮೇಲಿನ ಪೀಕ್ ಅಂಕಿ ಪರದೆಯ ಸಣ್ಣ ಭಾಗವೊಂದು ಕೆಲವು ಕ್ಷಣ ಬೆಳಗುವಾಗ ಸಿಗುವಂಥದ್ದು. ಕ್ರಿಕೆಟ್‌ನಲ್ಲಿ ಹಸಿರು ಮೈದಾನ ಪರದೆ ತುಂಬಾ ಇರುತ್ತದೆ, ಆಗ ಟಿವಿ ತಾನಾಗಿಯೇ ಬೆಳಕು ತಗ್ಗಿಸುತ್ತದೆ. ಪೂರ್ತಿ ಪರದೆಯಲ್ಲಿ ಸತತವಾಗಿ ಎಷ್ಟು ನಿಟ್ಸ್ ಕೊಡುತ್ತದೆ ಎಂಬುದನ್ನು ವಿಮರ್ಶೆಗಳಲ್ಲಿ ಹುಡುಕಿ. ಈ ಲೆಕ್ಕದಲ್ಲಿ, ಪ್ರತಿ ಚುಕ್ಕೆಯೂ ತಾನೇ ಬೆಳಗುವ ಒಎಲ್‌ಇಡಿ ಸೋಲುತ್ತದೆ, ಜೊತೆಗೆ ಸ್ಕೋರ್ ಪಟ್ಟಿಯಂಥ ಕದಲದ ಚಿತ್ರದ ಕಲೆ ಉಳಿಯುವ ಭಯ ಬೇರೆ. ಜಗಲಿಗೆ ಮಿನಿ ಎಲ್‌ಇಡಿ (ಪರದೆಯ ಹಿಂದೆ ಪುಟ್ಟ ಪುಟ್ಟ ದೀಪಗಳ ಸಾಲು) ಇರುವ ಎಲ್‌ಸಿಡಿ ಟಿವಿಯೇ ಸರಿ. ಪ್ಯಾನೆಲ್ ಯಾವುದೆಂದೂ ವಿಚಾರಿಸಿ. ವಿಎ ಪ್ಯಾನೆಲ್ ನೇರ ಕೂತವರಿಗೆ ಚೆನ್ನ, ಓರೆಯಾಗಿ ಕೂತವರಿಗೆ ಬಣ್ಣ ಸತ್ತುಹೋಗುತ್ತದೆ. ಹತ್ತು ಜನ ಅಕ್ಕಪಕ್ಕ ಹರಡಿ ಕೂರುವ ಜಗಲಿಗೆ ಐಪಿಎಸ್ ಪ್ಯಾನೆಲ್ ವಾಸಿ. ಕನ್ನಡಿಯಂತೆ ಹೊಳೆಯುವ ಪರದೆಗಿಂತ ಮ್ಯಾಟ್ ಪರದೆ ಮೇಲು.

ಇನ್ನೊಂದು ದಾರಿ ಇದೆ, ಹೆಚ್ಚಿನವರು ಯೋಚಿಸುವುದಿಲ್ಲ. ಅಂಗಡಿ, ಹೋಟೆಲ್‌ಗಳಲ್ಲಿ ಜಾಹೀರಾತಿಗೆ ಹಾಕುವ ಸೈನೇಜ್ ಡಿಸ್‌ಪ್ಲೇಗಳಲ್ಲಿ 500ರಿಂದ 700 ನಿಟ್ಸ್ ಸತತವಾಗಿ ಸಿಗುವ, ಮ್ಯಾಟ್ ಪರದೆಯ, ದಿನಕ್ಕೆ 16 ಗಂಟೆ ಓಡಲೆಂದೇ ಮಾಡಿದ ಮಾದರಿಗಳಿವೆ. ಹಲವದರಲ್ಲಿ ಚಾನೆಲ್ ಹಿಡಿಯುವ ಟ್ಯೂನರ್ ಇರುವುದಿಲ್ಲ, ಸ್ಟ್ರೀಮಿಂಗ್ ಸ್ಟಿಕ್ ಅಥವಾ ಸೆಟ್ ಟಾಪ್ ಬಾಕ್ಸ್ ಜೋಡಿಸಬೇಕು. ನೀರಿನಿಂದ ರಕ್ಷಣೆ ಮಾತ್ರ ಇದರಲ್ಲೂ ಇಲ್ಲ.

ನೀರಿನ ರಕ್ಷಣೆ ಇರುವುದು ನಿಜವಾದ ಹೊರಾಂಗಣ ಟಿವಿಯಲ್ಲಿ. 2020ರಲ್ಲಿ ಬಂದ ಸ್ಯಾಮ್‌ಸಂಗ್ ದ ಟೆರೇಸ್‌ನ ರಕ್ಷಣಾ ಮಟ್ಟ ಐಪಿ 55. ಮೊದಲ 5 ಎಂದರೆ ದೂಳು ಕೆಡುಕು ಮಾಡುವಷ್ಟು ಒಳಹೋಗದು, ಎರಡನೇ 5 ಎಂದರೆ ಪೈಪಿನಿಂದ ಚಿಮ್ಮಿದ ನೀರನ್ನು ತಡೆಯುತ್ತದೆ. ರೆಸಾರ್ಟ್‌ನ ಈಜುಕೊಳದ ಪಕ್ಕ ವರ್ಷವಿಡೀ ಹೊರಗಿರಬೇಕಾದರೆ ಅಂಥದ್ದೇ ಬೇಕು. ನಿಮಗೆ ವರ್ಷದ ನಾಲ್ಕು ತಿಂಗಳ ಮಳೆಗಾಗಿ ಹಲವು ಪಟ್ಟು ಬೆಲೆ ತೆರುವುದು ದಂಡ.

ಹಾಗೆಂದು ಮಾಮೂಲಿ ಟಿವಿಯನ್ನು ಗೋಡೆಗೆ ಜಡಿದು ಮಳೆಗಾಲದಲ್ಲೂ ಬಿಡುವಂತಿಲ್ಲ. ಜೂನ್‌ನಿಂದ ಗಾಳಿ ಮಳೆ ಬರುವುದೇ ನೈಋತ್ಯದಿಂದ, ಅಂದರೆ ನಿಮ್ಮ ಜಗಲಿಯ ತೆರೆದ ಎರಡೂ ಬದಿಯಿಂದ. ಎರಚಲು ಉತ್ತರದ ಗೋಡೆಯವರೆಗೂ ಬರುತ್ತದೆ. ಎರಚಲು ತಾಗದಿದ್ದರೂ ತೇವ ಬಿಡುವುದಿಲ್ಲ. ಮಾಮೂಲಿ ಟಿವಿಗಳ ಕೈಪಿಡಿಯಲ್ಲಿ ಆರ್ದ್ರತೆಯ ಮಿತಿ ಸಾಮಾನ್ಯವಾಗಿ ಶೇ 80, ತಾಪಮಾನದ ಮಿತಿ 40 ಡಿಗ್ರಿ. ಕರಾವಳಿಯ ಜುಲೈ ತಿಂಗಳಲ್ಲಿ ತೇವ ಆ ಮಿತಿಯನ್ನು ದಿನಗಟ್ಟಲೆ ಮೀರಿರುತ್ತದೆ. ಬೋರ್ಡ್ ಮೇಲೆ ತೇವ ಕೂತು, ಅದರ ಜೊತೆ ಕಡಲಿನ ಉಪ್ಪು ಸೇರಿದರೆ, ಪ್ಯಾನೆಲ್‌ಗೆ ಹೋಗುವ ರಿಬ್ಬನ್ ಕೇಬಲ್‌ನ ತುದಿಗಳು ಹಸಿರುಗಟ್ಟುತ್ತವೆ. ಪರದೆಯಲ್ಲಿ ಉದ್ದುದ್ದ ಗೆರೆ ಮೂಡುವುದಕ್ಕೆ ಇದೊಂದು ಕಾರಣ. ರೆಕ್ಸಿನ್ ಕವರ್ ಹೊದಿಸಿ ಬಿಟ್ಟರೆ ತೇವ ಒಳಗೇ ಸಿಕ್ಕಿಕೊಂಡು ಇನ್ನಷ್ಟು ಕೆಡುತ್ತದೆ.

ಹಿಂದಿನ ಗಾಳಿಕಿಂಡಿಗಳಿಗೆ ಸಿಲಿಕೋನ್ ಬಳಿದು ಮುಚ್ಚಿಸುವುದಂತೂ ಖಂಡಿತ ಬೇಡ. ಬಿಸಿ ಹೊರಹೋಗದೆ ಬ್ಯಾಕ್‌ಲೈಟ್‌ನ ಎಲ್‌ಇಡಿಗಳು ಬೇಗ ಸುಡುತ್ತವೆ. ಮಾಡಿನ ಕೆಳಗೆ ಕಾದ ಗಾಳಿ ನಿಲ್ಲುವುದರಿಂದ ಟಿವಿಯ ಹಿಂದೆ 4 ಇಂಚು, ಮೇಲೆ ಕನಿಷ್ಠ ಒಂದು ಅಡಿ ಖಾಲಿ ಬಿಡಿ. ಹಲ್ಲಿ ಕಾಟಕ್ಕೆ ಕಿಂಡಿ ಮುಚ್ಚುವುದಕ್ಕಿಂತ, ಹುಳ ಆಕರ್ಷಿಸುವ ದೀಪವನ್ನು ಟಿವಿಯಿಂದ ದೂರ ಹಾಕುವುದು ಉತ್ತಮ. ಹುಳ ಇದ್ದಲ್ಲಿ ಹಲ್ಲಿ ಬರುತ್ತದೆ, ಬೆಚ್ಚಗಿರುವ ಪವರ್ ಬೋರ್ಡ್ ಮೇಲೆ ಹರಿದು ಶಾರ್ಟ್ ಆಗುತ್ತದೆ. ಹುಳಹುಪ್ಪಟೆ, ನೀರಿನಿಂದಾದ ಹಾನಿಗೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ, ಷರತ್ತನ್ನು ಕೊಳ್ಳುವ ಮೊದಲೇ ಓದಿ.

ಮಳೆಗಾಲದಲ್ಲಿ ಒಳಗೆ ಒಯ್ಯಲು ಚಕ್ರದ ಸ್ಟ್ಯಾಂಡ್ ಒಳ್ಳೆಯ ಪರಿಹಾರ, ಆದರೆ ನಿಮ್ಮ ಹೊಸ್ತಿಲು ನೋಡಿಕೊಳ್ಳಿ. ಹಳೆಯ ಹಂಚಿನ ಮನೆಗಳಲ್ಲಿ ನಾಲ್ಕೈದು ಇಂಚಿನ ಹೊಸ್ತಿಲು ಇರುತ್ತದೆ, ಅದನ್ನು ಹತ್ತಿಸುವಾಗ ಸ್ಟ್ಯಾಂಡ್ ಮಗುಚುವ ಅಪಾಯವಿದೆ. ಆಗ ಗೋಡೆಗೆ ಕಂಬಿ, ಟಿವಿಗೆ ಕೊಕ್ಕೆ ಇರುವ ಬ್ರಾಕೆಟ್ ಹಾಕಿಸಿ. ಕೆಳಗಿನ ಲಾಕ್ ಬಿಡಿಸಿ ಇಬ್ಬರು ಎತ್ತಿದರೆ ಟಿವಿ ಕೈಗೆ ಬರುತ್ತದೆ. 55 ಇಂಚಿನದು 15 ಕಿಲೋ ಆಸುಪಾಸು ತೂಗುತ್ತದೆ. 8 ಅಡಿ ದೂರದಿಂದ ನೋಡಲು 50 ಇಂಚೂ ಸಾಕಾಗುತ್ತದೆ, ಎತ್ತಿಳಿಸಲು ಹಗುರ. ನಾನಾದರೆ ಅದನ್ನೇ ಆರಿಸುವೆ.

ಗೋಡೆ ಕೆಂಪುಕಲ್ಲಿನದಾದರೆ (ಮುರಕಲ್ಲು) ಪ್ಲಾಸ್ಟಿಕ್ ವಾಲ್‌ಪ್ಲಗ್ ನಂಬಬೇಡಿ. ಮುರಕಲ್ಲಿನಲ್ಲಿ ಪೊಳ್ಳು ಜಾಗ ಇರುವುದರಿಂದ ತೂತು ಸಡಿಲಾಗುತ್ತದೆ, ಬಿಗಿಸುವಾಗ ಅಗಲವಾಗುವ ಬೋಲ್ಟ್ ಹಾಕಿದರೆ ಕಲ್ಲು ಬಿರಿಯುತ್ತದೆ. ತೂತಿಗೆ ಜಾಲರಿ ತೋಳು ಇಟ್ಟು ಕೆಮಿಕಲ್ ಆ್ಯಂಕರ್ (ಅಂಟು ತುಂಬಿ ಕೂರಿಸುವ ಬೋಲ್ಟ್) ಹಾಕಿಸಿ, ಒಂದು ದಿನ ಒಣಗಲು ಬಿಟ್ಟು ಭಾರ ಹಾಕಿ. ಕಡಲು ಹತ್ತಿರವಿದ್ದರೆ ಬೋಲ್ಟುಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ.

ವಿದ್ಯುತ್ ಕೆಲಸದಲ್ಲಿ ಉಳಿತಾಯ ಬೇಡ. ಬಾಗಿಲ ಸಂದಿಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆಯದೆ ಜಗಲಿಗೆ ಪ್ರತ್ಯೇಕ ಲೈನ್ ಹಾಕಿಸಿ, ಅದಕ್ಕೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರ ಜೀವ ಉಳಿಸುವುದು ಅದು. ಸಾಕೆಟ್ ಪ್ಲಗ್ ಸಿಕ್ಕಿಸಿದ ಮೇಲೂ ಮುಚ್ಚಳ ಹಾಕಬಹುದಾದ, ನೀರು ನಿರೋಧಕ ಬಗೆಯದಿರಲಿ. ವೈರನ್ನು ಸಾಕೆಟ್‌ಗಿಂತ ಕೆಳಗೆ ಒಮ್ಮೆ ಜೋತುಬಿಟ್ಟು ಮೇಲೆ ತಂದರೆ ಹರಿದ ನೀರು ತೊಟ್ಟಿಕ್ಕಿ ಹೋಗುತ್ತದೆ, ಪ್ಲಗ್ ಒಳಗೆ ಇಳಿಯುವುದಿಲ್ಲ.

ಏಪ್ರಿಲ್, ಮೇ ಸಂಜೆಯ ಸಿಡಿಲು ಐಪಿಎಲ್ ಹೊತ್ತಿಗೇ ಬರುತ್ತದೆ. ಪ್ಲಗ್ ಕಿತ್ತರೂ ಟಿವಿ ಸುಡುವುದು ಡಿಷ್ ಕೇಬಲ್‌ನಿಂದ: ಛತ್ರಿಯಿಂದ ಸೆಟ್ ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಯ ಮದರ್‌ಬೋರ್ಡ್‌ಗೆ. ಗುಡುಗು ದೂರದಲ್ಲಿ ಕೇಳುವಾಗಲೇ ಪ್ಲಗ್, ಡಿಷ್ ಕೇಬಲ್ ಎರಡನ್ನೂ ಬಿಡಿಸಿ. ಜಗಲಿಯ ಟಿವಿಗೆ ಡಿಷ್ ಕೇಬಲ್ ಎಳೆಯದೆ ವೈಫೈನಲ್ಲೇ ನೋಡುವುದಾದರೆ ಈ ತೊಂದರೆ ಅರ್ಧ ಕಡಿಮೆ. ಸರ್ಜ್ ಪ್ರೊಟೆಕ್ಟರ್ ಹಾಕಿಸಿದರೂ ಅರ್ಥಿಂಗ್ ಸರಿಯಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ.

ಟಿವಿ ಬಂದ ದಿನವೇ ಸೆಟ್ಟಿಂಗ್‌ನಲ್ಲಿ ಎನರ್ಜಿ ಸೇವಿಂಗ್ ಆಫ್ ಮಾಡಿ, ಹೊಸ ಟಿವಿಗಳು ಬೆಳಕು ತಗ್ಗಿಸಿಕೊಂಡೇ ಬರುತ್ತವೆ. ಹಗಲಿಗೆ ಬ್ಯಾಕ್‌ಲೈಟ್ ಪೂರ್ತಿ ಏರಿಸಿ, ಕತ್ತಲಾದ ಮೇಲೆ ಅರ್ಧಕ್ಕೆ ಇಳಿಸಿ. ತೆರೆದ ಜಾಗದಲ್ಲಿ ಟಿವಿಯ ಸ್ಪೀಕರ್ ಕ್ಷೀಣವಾಗಿ ಕೇಳುತ್ತದೆ, ಸಣ್ಣ ಸೌಂಡ್‌ಬಾರ್ ಇದ್ದರೆ ಸಾಕು. ಪರದೆಯ ಮೇಲೆ ಕೂತ ಉಪ್ಪಿನ ಪುಡಿಯನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಟಿವಿ ಆಫ್ ಮಾಡಿ, ತಣಿದ ಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಗಾಜು ತೊಳೆಯುವ ಸ್ಪ್ರೇ ತಾಗಿಸಬೇಡಿ.

ಮೇ ಕೊನೆಯ ವಾರ ಒಳಗೆ ಒಯ್ಯಿರಿ. ಒಳಗಿಟ್ಟ ಮೇಲೆ ದಿನಕ್ಕೊಂದು ಗಂಟೆಯಾದರೂ ಓಡಿಸಿ, ಅದರ ಬಿಸಿಗೇ ಬೋರ್ಡ್ ಒಣಗಿರುತ್ತದೆ. ಅಕ್ಟೋಬರ್‌ನ ಸಿಡಿಲು ಮಳೆ ಮುಗಿದ ಮೇಲೆ ಮತ್ತೆ ಹೊರಗೆ ತರಬಹುದು, ಬ್ರಾಕೆಟ್‌ನ ಬೋಲ್ಟುಗಳನ್ನು ಒಮ್ಮೆ ಬಿಗಿಸಿ ನೋಡಿ ಆಮೇಲೆ ತೂಗುಹಾಕಿ.