ಸೂಪರ್‌ಹೀರೋಗಳನ್ನು ಹಳೆಯ ಚಿತ್ರಶೈಲಿಯಲ್ಲಿ ಬಿಡಿಸಬೇಕು ಅಂತಿದ್ದೇನೆ. ಯಾವ ಶೈಲಿ ಆರಿಸಲಿ?

ಹತ್ತು ಹೀರೋಗಳು, ಒಂದೇ ಶೈಲಿ, ಒಂದು ಸರಣಿ. ಉಕಿಯೊ-ಎ, ಅಂದರೆ ಜಪಾನಿನ ಹಳೇ ಮರದಚ್ಚಿನ ಚಿತ್ರಗಳ ಶೈಲಿ ಮಾಡಲಾ, ಚರ್ಚಿನ ಕಿಟಕಿಯ ಬಣ್ಣದ ಗಾಜಿನ ಥರ ಮಾಡಲಾ, ಜನ ಯಾವುದನ್ನು ಜಾಸ್ತಿ ಮೆಚ್ಚುತ್ತಾರೆ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದೆ. ಉಕಿಯೊ-ಎ ಅಂತ ತೀರ್ಮಾನ ಮಾಡಿದೆ. ನಾಲ್ಕು ತಿಂಗಳಲ್ಲಿ ಹನ್ನೆರಡು ಚಿತ್ರ ಮುಗಿಸಿದೆ. ಅದರಲ್ಲಿ ಒಂದನ್ನೂ ಈಗ ಯಾರಿಗೂ ತೋರಿಸುವುದಿಲ್ಲ.

ಮೊದಲು ಬಿಡಿಸಿದ್ದು ಬ್ಯಾಟ್‌ಮನ್. ಕಾಮಿಕ್ಸ್ ನೋಡಿಯೇ ಕೈ ಪಳಗಿಸಿಕೊಂಡವಳು ನಾನು. ಟ್ಯಾಬ್ಲೆಟ್ ಮೇಲೆ ಎಂದಿನ ಹಾಗೆ ಬಿಡಿಸಿದೆ. ಎಡಗಡೆಯಿಂದ ಬೆಳಕು, ಮುಖದ ಅರ್ಧ ಕಪ್ಪು, ಕೇಪಿನ ಮಡಿಕೆಗಳಲ್ಲಿ ನೆರಳು, ಮಾಳಿಗೆ ಮೇಲೆ ಉದ್ದಕ್ಕೆ ಚಾಚಿದ ಅವನ ನೆರಳು. ಅದೆಲ್ಲ ಮುಗಿದ ಮೇಲೆ ಜಪಾನಿನ ಕೆಲಸ ಶುರುವಾಯಿತು. ಹಳೇ ಕಾಗದದ ಟೆಕ್ಸ್ಚರ್ ಹಾಕಿದೆ. ಗೆರೆ ದಪ್ಪ ಮಾಡಿದೆ. ಹಿಂದೆ ಜಪಾನಿನ ಹಳೇ ಕಲಾವಿದ ಹೊಕುಸಾಯ್‌ನದ್ದರಂಥ ಒಂದು ದೊಡ್ಡ ಅಲೆ ತಂದು ನಿಲ್ಲಿಸಿದೆ. ಮೂಲೆಯಲ್ಲಿ ಕೆಂಪು ಮುದ್ರೆ. ಆ ಮುದ್ರೆಯಲ್ಲಿದ್ದ ಅಕ್ಷರ ನನಗೆ ಓದಲೂ ಬರುತ್ತಿರಲಿಲ್ಲ. ಆನ್‌ಲೈನ್‌ನಲ್ಲಿ ಹಾಕಿದೆ. ಜನ ಮೆಚ್ಚಿದರು. ನನಗೂ ತುಂಬಾ ಖುಷಿಯಾಯಿತು.

ಆಮೇಲೆ ಮರದಚ್ಚಿನ ಕೆಲಸ ಮಾಡುವ ಹಿರಿಯ ಕಲಾವಿದರೊಬ್ಬರು ಆ ಬ್ಯಾಟ್‌ಮನ್ ನೋಡಿ ಬರಹೇಳಿದರು. ಅಚ್ಚಿನ ಚಿತ್ರಗಳದ್ದೇ ಒಂದು ಪ್ರದರ್ಶನ ಇತ್ತು, ಅದರಲ್ಲಿ ಅವರಿಗೆ ಒಂದು ಜಾಗ ಇತ್ತು. ನನ್ನ ಚಿತ್ರವನ್ನು ನಿಜವಾಗಿ ಮರದಲ್ಲಿ ಕೆತ್ತಿ ಅಚ್ಚು ಹಾಕೋಣ ಅಂದರು. ಅಂಥ ಮಾತನ್ನು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಹೋದೆ. ಪ್ರಿಂಟನ್ನು ಮೇಜಿನ ಮೇಲೆ ಹರವಿ, ಮೇಲೆ ತೆಳು ಕಾಗದ ಇಟ್ಟು, ತುಂಬಾ ಹೊತ್ತು ನೋಡಿದರು. "ಇದರಲ್ಲಿ ಎಷ್ಟು ಬಣ್ಣ ಇದೆ ಅಂತ ಎಣಿಸಿದ್ದೀಯೇನಮ್ಮ?" ಅಂದರು. ಎಣಿಸಿರಲಿಲ್ಲ. ಕೂತು ಎಣಿಸಿದೆವು. ಕೇಪ್ ಒಂದರಲ್ಲೇ ನಲವತ್ತಕ್ಕೂ ಜಾಸ್ತಿ ಛಾಯೆ. ಆ ಪದ್ಧತಿಯಲ್ಲಿ ಕಪ್ಪು ಗೆರೆಗೆ ಒಂದು ಹಲಗೆ, ಆಮೇಲೆ ಒಂದೊಂದು ಬಣ್ಣಕ್ಕೂ ಬೇರೆ ಕೆತ್ತನೆ. ಪ್ರತಿ ಹಲಗೆಯಲ್ಲೂ ಕಾಗದ ಅದೇ ಜಾಗಕ್ಕೆ ಕೂರಲಿ ಅಂತ ಗುರುತಿನ ಕಚ್ಚು ಇರುತ್ತದೆ. ನಲವತ್ತು ಛಾಯೆಗೆ ಯಾರು ಕೆತ್ತುತ್ತಾರೆ?

"ನೆರಳೆಲ್ಲ ತೆಗೆದುಬಿಡು. ಏನು ಉಳಿಯುತ್ತೆ ನೋಡೋಣ" ಅಂದರು. ಅಲ್ಲೇ ಟ್ಯಾಬ್ಲೆಟ್ ತೆರೆದು ನೆರಳಿನ ಲೇಯರುಗಳನ್ನು ಒಂದೊಂದಾಗಿ ತೆಗೆದೆ. ಕೊನೆಗೆ ಉಳಿದದ್ದು ಎರಡು ಕಿವಿ ಇರುವ ಒಂದು ಬೂದು ಮುದ್ದೆ. ಬ್ಯಾಟ್‌ಮನ್ ಹೋಗಿಬಿಟ್ಟಿದ್ದ. ಕೆತ್ತಲು ವಾರಗಟ್ಟಲೆ ಬೇಕು, ಹೊಸದಾಗಿ ಬಿಡಿಸಲು ಸಮಯ ಇರಲಿಲ್ಲ. ಆ ಜಾಗ ಬೇರೆಯವರ ಚಿತ್ರಕ್ಕೆ ಹೋಯಿತು.

ಈ ತಪ್ಪನ್ನು ಬಿಡಿಸಿ ಹೇಳಬೇಕು. ಯಾಕೆಂದರೆ ಕೇಳಿದವರೆಲ್ಲ "ಓ, ಬಣ್ಣ ಜಾಸ್ತಿಯಾಯ್ತಾ" ಅಂತಾರೆ. ಅದಲ್ಲ. ಬಣ್ಣ ಕಡಿಮೆ ಮಾಡಿದ್ದರೂ ಚಿತ್ರ ಅಷ್ಟೇ ಸುಳ್ಳಾಗಿರುತ್ತಿತ್ತು. ತಪ್ಪಿದ್ದು ನಾನು ಕೆಲಸ ಮಾಡಿದ ಕ್ರಮದಲ್ಲಿ. ಬೆಳಕು ಎಲ್ಲಿಂದ, ಅವನು ಎಲ್ಲಿ ಅಡಗಿದ್ದಾನೆ, ನೋಡುವವರಿಗೆ ಏನು ಕಾಣಬೇಕು, ಎಲ್ಲವನ್ನೂ ಕಾಮಿಕ್ಸಿನ ಅಭ್ಯಾಸದಲ್ಲೇ ತೀರ್ಮಾನ ಮಾಡಿ ಮುಗಿಸಿದ್ದೆ. ಶೈಲಿ ಬರುವ ಹೊತ್ತಿಗೆ ಅದಕ್ಕೆ ತೀರ್ಮಾನ ಮಾಡಲು ಏನೂ ಬಾಕಿ ಇರಲಿಲ್ಲ. ಅಂಗಿ ತೊಡಿಸಿದ ಹಾಗೆ ಮೇಲಿಂದ ತೊಡಿಸಿದೆ, ಅಷ್ಟೇ.

1939ರಲ್ಲಿ ಡಿಟೆಕ್ಟಿವ್ ಕಾಮಿಕ್ಸಿನ 27ನೇ ಸಂಚಿಕೆಯಲ್ಲಿ ಕಾಣಿಸಿಕೊಂಡ ಬ್ಯಾಟ್‌ಮನ್ ಇವತ್ತಿಗೂ ಕತ್ತಲೆಯನ್ನೇ ನಂಬಿದವನು. ಕಾಮಿಕ್ಸಿನಲ್ಲಿ ಕತ್ತಲೆ ಅಂದರೆ ಕಪ್ಪು ಇಂಕು. ಮುಖದ ಮೇಲೆ ಇಂಕು ಸುರಿದರೆ ಅವನು ಅಡಗಿದ. ಆದರೆ ಆ ಜಪಾನಿ ಅಚ್ಚುಗಳಲ್ಲಿ ಸಾಮಾನ್ಯವಾಗಿ ಹಾಗೆ ಒಂದು ಕಡೆಯಿಂದ ಬೀಳುವ ನೆರಳೇ ಇರುವುದಿಲ್ಲ. ರಾತ್ರಿಯ ಚಿತ್ರದಲ್ಲೂ ಜನರ ಮುಖ ಸ್ಪಷ್ಟವಾಗಿ ಕಾಣುತ್ತದೆ. ಮೇಲುಗಡೆ ಗಾಢ ಬಣ್ಣದ ಒಂದು ಪಟ್ಟಿ, ಒಂದು ಚಂದ್ರ, ಕೈಯಲ್ಲೊಂದು ಲಾಟೀನು ಕೊಟ್ಟರೆ ಅದು ರಾತ್ರಿ. ಅಂದರೆ ಅಲ್ಲಿ ಕತ್ತಲೆಯಲ್ಲಿ ಯಾರೂ ಅಡಗಲು ಆಗುವುದಿಲ್ಲ. ನಾನು ಅಲ್ಲಿ ನಿಂತು ಕೇಳಬೇಕಿತ್ತು: ಕತ್ತಲೆ ಅಡಗಿಸದ ಲೋಕದಲ್ಲಿ ಬ್ಯಾಟ್‌ಮನ್ ಹೇಗೆ ಅಡಗುತ್ತಾನೆ? ಇಡೀ ಚಿತ್ರ ಆ ಪ್ರಶ್ನೆಯಲ್ಲಿತ್ತು. ಅದರ ಮೇಲೆ ಟೆಕ್ಸ್ಚರ್ ಹಾಕಿ ಮುಚ್ಚಿಬಿಟ್ಟೆ.

ಉಳಿದ ಹನ್ನೊಂದರಲ್ಲೂ ಇದೇ. ಅತಿವೇಗದ ಹೀರೋ ಫ್ಲ್ಯಾಶ್ ಓಡುವುದನ್ನು ತೋರಿಸಲು ಕ್ಯಾಮೆರಾದಲ್ಲಿ ಅಲುಗಿದ ಹಾಗೆ ಮಸುಕು ಮಾಡಿದ್ದೆ. ಉಳಿಯಲ್ಲಿ ಕೆತ್ತಿದ ಗೆರೆಗೆ ಕ್ಯಾಮೆರಾದ ಮಸುಕು ಎಲ್ಲಿಂದ ಬರಬೇಕು?

ಆರು ತಿಂಗಳು ಆ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಉಕಿಯೊ-ಎ ಕಲಾವಿದ ಹಿರೊಶಿಗೆ ಮಾಡಿದ ಎದೊ ನಗರದ (ಈಗಿನ ಟೋಕಿಯೊ) ನೂರು ನೋಟಗಳನ್ನು ನೋಡುತ್ತಾ ಕೂತೆ. 1850ರ ದಶಕದ ಕೊನೆಯಲ್ಲಿ ಬಂದ ಸರಣಿ ಅದು. ಅದರ ಎಷ್ಟೋ ಚಿತ್ರಗಳಲ್ಲಿ ಮೂಗಿಗೇ ತಾಗುವ ಹಾಗೆ ಏನೋ ಒಂದು ದೊಡ್ಡದಾಗಿ ಇರುತ್ತದೆ. ಮರದ ಕೊಂಬೆ, ಕುದುರೆಯ ಹಿಂಗಾಲು. ಅದನ್ನು ಕಾಗದದ ಅಂಚು ಅರ್ಧಕ್ಕೆ ಕತ್ತರಿಸಿರುತ್ತದೆ. ಊರು ಹಿಂದೆ ಪುಟ್ಟದಾಗಿ ಕಾಣುತ್ತದೆ. ಅದನ್ನು ನೋಡುವಾಗ ಉತ್ತರ ಸಿಕ್ಕಿತು. ಕತ್ತಲೆ ಅಡಗಿಸದಿದ್ದರೆ ಕಾಗದದ ಅಂಚು ಅಡಗಿಸಲಿ.

ಹೊಸ ಚಿತ್ರದಲ್ಲಿ ಕೆಳಗಿನ ಅಂಚಿನಿಂದ ಎದ್ದ ಎರಡು ಕಪ್ಪು ಕಿವಿತುದಿ ಮಾತ್ರ ಇವೆ. ದೊಡ್ಡದಾಗಿ, ಎದುರಿಗೇ. ಅವುಗಳ ಆಚೆ ದೀಪ ಹಚ್ಚಿದ ನಗರ. ಬೀದಿಯಲ್ಲಿ ಜನ ಓಡಾಡುತ್ತಿದ್ದಾರೆ, ಒಬ್ಬರೂ ತಲೆ ಎತ್ತಿಲ್ಲ. ನೆರಳು ಎಲ್ಲೂ ಇಲ್ಲ. ಅದೇ ಹಿರಿಯರಿಗೆ ತೋರಿಸಿದೆ. ಬೆರಳಿಟ್ಟು ಎಣಿಸಿದರು. "ಏಳು ಹಲಗೆ. ಸೋಮವಾರ ಶುರು ಮಾಡ್ತೀನಿ" ಅಂದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಜನ ಯಾವ ಶೈಲಿಯನ್ನು ಮೆಚ್ಚುತ್ತಾರೆ ಅನ್ನುವುದನ್ನು ಬಿಟ್ಟುಬಿಡಿ. ನನ್ನ ಕೆಟ್ಟ ಬ್ಯಾಟ್‌ಮನ್‌ನನ್ನೂ ಜನ ಮೆಚ್ಚಿದ್ದರು. ನಿಮ್ಮ ಹೀರೋ ಯಾವುದನ್ನು ನಂಬಿಕೊಂಡು ಬದುಕಿದ್ದಾನೋ, ಅದನ್ನು ಯಾವ ಶೈಲಿ ಅವನಿಂದ ಕಿತ್ತುಕೊಳ್ಳುತ್ತದೆ ಅಂತ ನೋಡಿ. ಫ್ರಾನ್ಸಿನ ಫೋಟೋಗ್ರಾಫರ್ ಸಾಶಾ ಗೋಲ್ಡ್‌ಬರ್ಗರ್ ಅವರ 'ಸೂಪರ್ ಫ್ಲೆಮಿಶ್' ಸರಣಿ ನನಗೆ ಇಷ್ಟವಾಗುವುದು ಇದಕ್ಕೇ. ಹಳೇ ಫ್ಲೆಮಿಶ್, ಅಂದರೆ ಈಗಿನ ಬೆಲ್ಜಿಯಂ ಕಡೆಯ ಭಾವಚಿತ್ರದಲ್ಲಿ ಕೂತವರು ಅಲುಗುವುದಿಲ್ಲ. ಹಾರುವ, ಜಿಗಿಯುವ ಹೀರೋಗಳನ್ನು ಅವರು ಅಲ್ಲಿ ತಂದು ನಿಲ್ಲಿಸಿದರು. ಕುತ್ತಿಗೆಗೆ ನೆರಿಗೆಯ ಕಾಲರ್ ಇದೆ, ಮಾಡಲು ಕೆಲಸ ಇಲ್ಲ. ಆಗ ಮುಖದಲ್ಲಿ ದಣಿವು ಕಾಣುತ್ತದೆ. ಕಾಲರ್ ಚೆಂದ ಇದೆ, ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಆ ದಣಿವು.

ತಮ್ಮನ್ನು ಬಿಡಿಸುವ, ಅಚ್ಚು ಹಾಕುವ ಮಾಧ್ಯಮದ ಮಾತು ಕೇಳುವುದು ಸೂಪರ್‌ಹೀರೋಗಳಿಗೆ ಹೊಸದಲ್ಲ. 1962ರ ಮೊದಲ ಸಂಚಿಕೆಯಲ್ಲಿ ಹಲ್ಕ್ ಬೂದು ಬಣ್ಣದವನು. ಪ್ರಿಂಟಿನಲ್ಲಿ ಆ ಬೂದು ಪುಟದಿಂದ ಪುಟಕ್ಕೆ ಬದಲಾಗುತ್ತಿತ್ತು. ಎರಡನೇ ಸಂಚಿಕೆಗೆ ಹಸಿರಾದ.

ಹತ್ತು ಹೀರೋ ಬೇಡ. ಒಬ್ಬನನ್ನು ತೆಗೆದುಕೊಳ್ಳಿ, ಒಂದೇ ಶೈಲಿ, ಮೂರು ತಿಂಗಳು. ಒಂದು ಗುಂಡಿ ಒತ್ತಿದರೆ ಫೋಟೋವನ್ನು ಉಕಿಯೊ-ಎ ಮಾಡಿಕೊಡುವ ಫಿಲ್ಟರುಗಳ ಹತ್ತಿರ ಹೋಗಲೇಬೇಡಿ. ನಾನು ನಾಲ್ಕು ತಿಂಗಳಲ್ಲಿ ಮಾಡಿದ ತಪ್ಪನ್ನು ಅವು ಒಂದು ಸೆಕೆಂಡಿನಲ್ಲಿ ಮಾಡುತ್ತವೆ.

ಬಣ್ಣದ ಗಾಜಿನ ಕಡೆ ನಿಮಗೆ ನಿಜವಾಗಿ ಮನಸ್ಸಿದ್ದರೆ ಸ್ಪೈಡರ್‌ಮ್ಯಾನ್ ಬೇಡ. ಅವನ ಬಟ್ಟೆಯ ಬಲೆಗೆರೆ, ಗಾಜಿನ ತುಂಡುಗಳನ್ನು ಹಿಡಿದಿಡುವ ಸೀಸದ ಗೆರೆ, ಎರಡೂ ಒಂದೇ ಥರ ಕಾಣುತ್ತವೆ. ಎಲ್ಲರಿಗೂ ಮೊದಲು ಹೊಳೆಯುವುದು ಅದೇ, ಅಲ್ವಾ? ಹೋಲಿಕೆ ಸಿಕ್ಕಿತು ಅಂದಮೇಲೆ ಯೋಚನೆ ಅಲ್ಲಿಗೇ ನಿಂತುಹೋಗುತ್ತದೆ. ಸೂಪರ್‌ಮ್ಯಾನ್‌ನನ್ನು ತೆಗೆದುಕೊಳ್ಳಿ. ಅವನ ಶಕ್ತಿ ಬರುವುದು ಸೂರ್ಯನಿಂದ. ಗಾಜಿನ ಕಿಟಕಿಗೂ ಬಣ್ಣ ಬರುವುದು ಆಚೆಯಿಂದ ಬಿಸಿಲು ಬಿದ್ದಾಗ. ಸಂಜೆಯಾದ ಮೇಲೆ ಒಳಗೆ ನಿಂತು ನೋಡಿದರೆ ಕೆಂಪೂ ಇಲ್ಲ, ನೀಲಿಯೂ ಇಲ್ಲ, ಕಪ್ಪು ಗಾಜು ಮಾತ್ರ. ಒಂದೇ ಕಿಟಕಿ, ಒಂದೇ ಗೆರೆ, ಎರಡು ಚಿತ್ರ ಮಾಡಿ. ಒಂದು ಮಧ್ಯಾಹ್ನದ್ದು, ಒಂದು ಸಂಜೆಯದ್ದು. ಸಂಜೆಯದ್ದನ್ನು ಮೊದಲು ಬಿಡಿಸಿ.