ಅಪ್ರೆಂಟಿಸ್ ಆಗಿ ಸೇರಿದವರು ಸೀನಿಯರ್ ಮ್ಯಾನೇಜರ್ ಆಗಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಕಾರ್ಖಾನೆ ಕೆಲಸದ್ದೇ ಜಾಸ್ತಿ. ಹೆಸರು ಹಾಕಬೇಡಿ ಅಂತ ಹಲವರು ಕೇಳಿದ್ದಾರೆ, ಹಾಗಾಗಿ ಊರು ಮಾತ್ರ ಕೊಟ್ಟಿದ್ದೇವೆ. ಉತ್ತರ ಬರೆಯುತ್ತಿರುವ ನಾನೂ ಬೆಳಗಾವಿಯ ಒಂದು ಮಷೀನ್ ಶಾಪಿನಲ್ಲಿ ಅಪ್ರೆಂಟಿಸ್ ಆಗಿ ಸೇರಿ, ಸೀನಿಯರ್ ಮ್ಯಾನೇಜರ್ ಆಗಿ ನಿವೃತ್ತನಾದವನು. ಈ ಪ್ರಶ್ನೆಗಳು ನನಗೆ ಬಹಳ ಹತ್ತಿರದವು.

ಸರ್, ನನಗೆ 21 ವರ್ಷ. ಐಟಿಐ ಟರ್ನರ್ (ಲೇತ್ ಕೆಲಸ) ಮುಗಿಸಿ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿದ್ದೇನೆ. ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯುವ) ಮಷೀನಿಗೆ ಪೀಸು ಹಾಕುವುದು, ತೆಗೆಯುವುದು, ದಿನಾ ಇದೇ ಕೆಲಸ. ಬಿಇ ಇಲ್ಲದವರು ಸೂಪರ್‌ವೈಸರ್ ತನಕ ಹೋಗ್ತಾರೆ, ಅದರ ಮೇಲಿಲ್ಲ ಅಂತ ಹಿರಿಯರು ಹೇಳ್ತಾರೆ. ನಿಜಾನಾ? ಮ್ಯಾನೇಜರ್ ಆಗಬೇಕಂದ್ರೆ ಈಗಿಂದಲೇ ಏನು ಕಲಿಯಬೇಕು? (ಬೆಳಗಾವಿ)

ತಮ್ಮಾ, ಅದು ಅರ್ಧ ನಿಜ. ದೊಡ್ಡ ಕಂಪನಿಗಳಲ್ಲಿ ಒಂದು ಹಂತ ದಾಟಿದ ಮೇಲೆ ಡಿಗ್ರಿ ಕೇಳುತ್ತಾರೆ, ನಿಯಮದಲ್ಲೇ ಹಾಗೆ ಬರೆದಿರುತ್ತದೆ. ಆದರೆ ಉದ್ಯಮಬಾಗ, ಮಚ್ಛೆ, ಹೊನಗಾ ಕಡೆಯ ಫೌಂಡ್ರಿ, ಮಷೀನ್ ಶಾಪುಗಳಲ್ಲಿ ವಿಚಾರಿಸಿ ನೋಡು. ಶಾಪ್ ಫ್ಲೋರಿನಿಂದಲೇ ಎದ್ದು ಬಂದ ಪ್ರೊಡಕ್ಷನ್ ಮ್ಯಾನೇಜರುಗಳು ಸಿಗುತ್ತಾರೆ. ನನ್ನ ಜೊತೆ ದುಡಿದ ಅಂಥವರನ್ನೆಲ್ಲ ನೆನಪಿಸಿಕೊಂಡರೆ ಒಂದು ಮಾತು ಎಲ್ಲರಿಗೂ ಒಪ್ಪುತ್ತದೆ. ಮುಂದಿನ ಕುರ್ಚಿಯ ಕೆಲಸವನ್ನು ಅವರು ಆ ಕುರ್ಚಿ ಸಿಗುವ ಮೊದಲೇ ಕಲಿತಿದ್ದರು. ಆಪರೇಟರ್ ಆಗಿದ್ದಾಗಲೇ ಸೆಟ್ಟಿಂಗ್ (ಹೊಸ ಜಾಬಿಗೆ ಮಷೀನ್ ಸಜ್ಜು ಮಾಡುವುದು), ಸೆಟ್ಟರ್ ಆಗಿದ್ದಾಗಲೇ ಪ್ರೋಗ್ರಾಮಿಂಗ್, ಸೂಪರ್‌ವೈಸರ್ ಆಗಿದ್ದಾಗಲೇ ಖರ್ಚಿನ ಲೆಕ್ಕ.

ಮೊದಲು ನಿನ್ನ ಈಗಿನ ತೊಂದರೆ ನೋಡೋಣ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ನೀನು ಟ್ರೈನಿ, ವರ್ಕರ್ ಅಲ್ಲ. ನಿನ್ನ ಟ್ರೇಡಿಗೆ ಸಿಲೆಬಸ್ ಇದೆ, ಕೊನೆಗೆ ಪರೀಕ್ಷೆ ಇದೆ, ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ಪೀಸು ಹಾಕಿ ತೆಗೆದರೆ ಆ ಸಿಲೆಬಸ್ ಮುಗಿಯುವುದಿಲ್ಲ. ಹಾಗಾಗಿ "ಸೆಟ್ಟಿಂಗ್ ಕಲಿಸಿ" ಅಂತ ಕೇಳುವ ಹಕ್ಕು ನಿನಗಿದೆ. ಜಗಳ ಬೇಡ. ಹೊಸ ಜಾಬ್ ಹಾಕುವ ದಿನ ಸೆಟ್ಟರ್ ಪಕ್ಕ ಹೋಗಿ ನಿಲ್ಲು, ಅವರಿಗೆ ಬೇಕಾದ ಟೂಲು, ಗೇಜು ಮೊದಲೇ ತಂದಿಡು, ಆಫ್‌ಸೆಟ್ (ಟೂಲಿನ ಅಳತೆ ಹೊಂದಿಸುವ ಸಂಖ್ಯೆ) ಯಾಕೆ ಅಷ್ಟೇ ಕೊಟ್ಟಿರಿ ಅಂತ ಕೆಲಸ ಮುಗಿದ ಮೇಲೆ ಕೇಳು. ಕೆಲಸದ ನಡುವೆ ಕೇಳಿದರೆ ಸಿಟ್ಟು ಬರುತ್ತದೆ, ಮುಗಿದ ಮೇಲೆ ಕೇಳಿದರೆ ಬಹಳ ಜನ ಖುಷಿಯಿಂದಲೇ ಹೇಳಿಕೊಡುತ್ತಾರೆ.

ಆಮೇಲೆ ಡ್ರಾಯಿಂಗ್. ಇದರ ಮೇಲೆ ನಾನು ಎಷ್ಟು ಒತ್ತಿ ಹೇಳಿದರೂ ಕಮ್ಮಿಯೇ. ಸೈಜು, ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಅನ್ನುವುದು) ನೋಡಿ ಸುಮ್ನೆ ಬಿಡಬೇಡ. ಡೇಟಮ್ (ಅಳತೆ ಎಲ್ಲಿಂದ ಹಿಡಿಯಬೇಕೋ ಆ ಆಧಾರ) ಯಾವುದು, ಈ ಬೋರ್ (ಕೊರೆದ ತೂತು) ಆ ಮುಖಕ್ಕೆ ಯಾಕೆ ಇಷ್ಟು ನೇರ ಇರಬೇಕು, ಈ ಪೀಸು ಕೊನೆಗೆ ಯಾವ ಪಂಪಿನಲ್ಲಿ ಅಥವಾ ವಾಲ್ವಿನಲ್ಲಿ ಹೋಗಿ ಕೂರುತ್ತದೆ ಅಂತ ಕೇಳು. ಹೈಡ್ರಾಲಿಕ್ ವಾಲ್ವಿನ ಒಳಗೆ ಹಿಂದೆ ಮುಂದೆ ಸರಿಯುವ ಸ್ಪೂಲಿಗೂ ಬೋರಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಕೆಲವು ಪಾಲು. ಅದು ಜಾಸ್ತಿಯಾದರೆ ಒಳಗೇ ಎಣ್ಣೆ ಸೋರುತ್ತದೆ, ಕಮ್ಮಿಯಾದರೆ ಸ್ಪೂಲ್ ಹಿಡಿದುಕೊಳ್ಳುತ್ತದೆ. ಇದು ಗೊತ್ತಿರುವ ಹುಡುಗ ಅಳತೆ ತಪ್ಪಿದ ಪೀಸನ್ನು "ನಡೀತದೆ ಬಿಡು" ಅಂತ ಮುಂದೆ ಕಳಿಸುವುದಿಲ್ಲ, ಇದನ್ನು ಮೇಲಿನವರು ಗಮನಿಸಿಯೇ ಗಮನಿಸುತ್ತಾರೆ. ನಮ್ಮದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಚಿತ್ರ ಬರೆಯುವುದನ್ನು ಕಲಿಯಲು ಮುಂಬೈಗೆ ಹೋದವರು. ಅವರಿಗೆ ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣುತ್ತಿರಲಿಲ್ಲ, ಪೇಂಟಿಂಗ್ ಬಿಡಬೇಕಾಯಿತು. ಆದರೆ ಮೆಕ್ಯಾನಿಕಲ್ ಡ್ರಾಯಿಂಗ್ ಗಟ್ಟಿಯಾಗಿ ಹಿಡಿದರು, ಅದನ್ನೇ ಕಲಿಸಿದರು, ಮುಂದೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಅಲ್ಲಿಂದ ಕಬ್ಬಿಣದ ನೇಗಿಲಿನ ತನಕ ಬೆಳೆದರು.

ಇನ್ನು ಲೆಕ್ಕ. ಎಂಟು ಗಂಟೆಯ ಶಿಫ್ಟಿನಲ್ಲಿ ಊಟಕ್ಕೆ ಅರ್ಧ ಗಂಟೆ ತೆಗೆದರೆ 450 ನಿಮಿಷ. ಒಂದು ಪೀಸಿಗೆ 3 ನಿಮಿಷ ಅಂದರೆ 150 ಪೀಸು ಬರಬೇಕು. ಸಂಜೆ ನೋಡಿದರೆ 120 ಇವೆ, ಅದರಲ್ಲಿ 6 ರಿಜೆಕ್ಟ್. 30 ಪೀಸು, ಅಂದರೆ 90 ನಿಮಿಷ, ಎಲ್ಲಿ ಹೋಯಿತು? ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ಬದಲಿಸುವುದಕ್ಕೆ ಎಷ್ಟು, ಗೇಜು ಹುಡುಕುವುದಕ್ಕೆ ಎಷ್ಟು, ಕಾಸ್ಟಿಂಗ್ ಬರಲಿ ಅಂತ ಕಾದಿದ್ದು ಎಷ್ಟು? ದಿನಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. 150ರ ಜಾಗದಲ್ಲಿ 114 ಒಳ್ಳೆಯ ಪೀಸು, ಅಂದರೆ 76 ಪರ್ಸೆಂಟ್. ಇದಕ್ಕೇ ಮೀಟಿಂಗಿನಲ್ಲಿ ಓಇಇ, ಅಂದರೆ ಮಷೀನಿನ ಒಟ್ಟು ದಕ್ಷತೆ, ಅಂತಾರೆ. ನಿನ್ನ ಮಷೀನಿನ ಮುಂದೆ ನಿಂತ ಸಾಹೇಬರು "ಇವತ್ತು ಯಾಕೆ ಕಮ್ಮಿ?" ಅಂದಾಗ ನೀನು ತಲೆ ಕೆರೆದುಕೊಳ್ಳದೆ ಕಾರಣ, ನಿಮಿಷ ಎರಡನ್ನೂ ಹೇಳಿದರೆ ಅವರು ನಿನ್ನ ಹೆಸರು ಕೇಳಿಕೊಂಡು ಹೋಗುತ್ತಾರೆ.

ಡಿಗ್ರಿ ವಿಷಯಕ್ಕೆ ಬರುತ್ತೇನೆ, ಅದನ್ನು ಬಿಡಬಾರದು. ಟರ್ನರ್ ಎರಡು ವರ್ಷದ ಟ್ರೇಡ್, ಹಾಗಾಗಿ ನೀನು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಆದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಕೆಲಸದಲ್ಲಿ ಇದ್ದುಕೊಂಡೇ ಓದುವವರಿಗೆ ಅನುಕೂಲದ ಸಮಯದಲ್ಲಿ ಕ್ಲಾಸ್ ನಡೆಸಲು ತಾಂತ್ರಿಕ ಶಿಕ್ಷಣದ ಕೇಂದ್ರ ಸಂಸ್ಥೆ ಎಐಸಿಟಿಇ ಕೆಲವು ಕಾಲೇಜುಗಳಿಗೆ ಅನುಮತಿ ಕೊಡುತ್ತದೆ. ಅದಕ್ಕೆ ಒಂದು ವರ್ಷದ ಕೆಲಸದ ಅನುಭವ ಬೇಕು. ಯಾವ ಕಾಲೇಜಿಗೆ ಈ ವರ್ಷ ಅನುಮತಿ ಇದೆ ಅನ್ನುವುದನ್ನು ಎಐಸಿಟಿಇ ವೆಬ್‌ಸೈಟಿನಲ್ಲೇ ನೋಡು, ಏಜೆಂಟರ ಮಾತು ನಂಬಬೇಡ.

ಎರಡು ಕಡೆ ಜನ ಮೋಸ ಹೋಗುತ್ತಿದ್ದಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಒಂದು, ಹಳಬರು ಪ್ರೀತಿಯಿಂದಲೇ "ಎಎಂಐಇ ಮಾಡು" ಅಂತಾರೆ, ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಪರೀಕ್ಷೆ ಅದು. ಅವರ ಕಾಲಕ್ಕೆ ಅದು ಬಿಇಗೆ ಸಮ. ನನ್ನ ತಲೆಮಾರಿನ ಎಷ್ಟೋ ಮ್ಯಾನೇಜರುಗಳು ರಾತ್ರಿ ಕೂತು ಓದಿ ಅದೇ ದಾರಿಯಲ್ಲಿ ಬಂದವರು. ಆದರೆ 2013ರ ಮೇ 31ರ ನಂತರ ನೋಂದಾಯಿಸಿದವರಿಗೆ ಕೇಂದ್ರ ಸರ್ಕಾರದ ಆ ಮಾನ್ಯತೆ ಇಲ್ಲ. ಇನ್ನೊಂದು, ಮನೆಯಲ್ಲೇ ಕೂತು ಅಂಚೆ ಮೂಲಕ ಬಿ.ಟೆಕ್ ಅನ್ನುವ ಜಾಹೀರಾತು. ಎಂಜಿನಿಯರಿಂಗ್ ಶಿಕ್ಷಣವನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2017ರ ನವೆಂಬರಿನಲ್ಲೇ ಹೇಳಿದೆ. ಅದಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡ.

ಡಿಪ್ಲೊಮಾ ಸಾಧ್ಯವಾಗುವ ತನಕ ಸುಮ್ಮನೆ ಇರಬೇಕಿಲ್ಲ. ಸರ್ಕಾರಿ ಟೂಲ್ ರೂಮ್ ತರಬೇತಿ ಸಂಸ್ಥೆ ಜಿಟಿಟಿಸಿಯ ಕೇಂದ್ರ ಬೆಳಗಾವಿಯಲ್ಲೇ ಇದೆ, ಸಿಎನ್‌ಸಿ ಪ್ರೋಗ್ರಾಮಿಂಗ್, ಕ್ಯಾಡ್-ಕ್ಯಾಮ್ ತರಹದ ಚಿಕ್ಕ ಕೋರ್ಸುಗಳನ್ನು ಅಲ್ಲಿ ವಿಚಾರಿಸು. ಐಐಟಿ ಪ್ರೊಫೆಸರುಗಳ ಎನ್‌ಪಿಟಿಇಎಲ್ ಪಾಠಗಳು ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತವೆ. ಒಂದು ವಿಷಯ ಹಿಡಿದು ಮುಗಿಸು, ಹತ್ತು ಶುರು ಮಾಡಬೇಡ.

ಕೊನೆಗೆ ಎಲ್ಲಕ್ಕಿಂತ ಕಷ್ಟದ್ದು. ಸೂಪರ್‌ವೈಸರ್ ಆದ ದಿನ, ನಿನ್ನೆ ತನಕ ಒಟ್ಟಿಗೆ ಬುತ್ತಿ ಬಿಚ್ಚಿದವರಿಗೆ ಕೆಲಸ ಹೇಳಬೇಕಾಗುತ್ತದೆ. ಓವರ್‌ಟೈಮ್ ಯಾರಿಗೆ, ಹಬ್ಬದ ರಜೆ ಯಾರಿಗೆ, ಬೈದರೆ ಯಾರ ಎದುರಿಗೆ ಬೈಯಬೇಕು, ಇದನ್ನು ಯಾವ ಕೋರ್ಸೂ ಕಲಿಸುವುದಿಲ್ಲ. ಕೈಕೆಲಸದಲ್ಲಿ ಎತ್ತಿದ ಕೈ ಅನ್ನಿಸಿಕೊಂಡ ಬಹಳ ಜನ ಇಲ್ಲಿಯೇ ನಿಂತುಬಿಟ್ಟಿದ್ದನ್ನು ನಾನು ಕಂಡಿದ್ದೇನೆ. ನಿಮ್ಮಲ್ಲಿ ಎಲ್ಲರೂ ಮಾತು ಕೇಳುವ ಒಬ್ಬ ಸೂಪರ್‌ವೈಸರ್ ಇದ್ದೇ ಇರುತ್ತಾರೆ, ಅಲ್ವಾ? ಅವರು ತಪ್ಪು ಮಾಡಿದವನ ಹತ್ತಿರ ಹೇಗೆ ಮಾತಾಡುತ್ತಾರೆ ಅಂತ ಈಗಿಂದಲೇ ಗಮನಿಸು.

ನನಗೆ 39. ಐಟಿಐ ಫಿಟ್ಟರ್, ಆಮೇಲೆ ಡಿಪ್ಲೊಮಾ ಮಾಡಿಕೊಂಡೆ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಸೂಪರ್‌ವೈಸರ್. ಮೊನ್ನೆ ನನಗಿಂತ ಬಹಳ ಚಿಕ್ಕ ಬಿಇ ಹುಡುಗನನ್ನು ನನ್ನ ಮೇಲೆ ಹಾಕಿದರು. ಕೆಲಸ ನನಗೆ ಗೊತ್ತು, ಆದರೆ ಮೀಟಿಂಗಿನಲ್ಲಿ ಇಂಗ್ಲಿಷ್ ಬರಲ್ಲ. ಈ ವಯಸ್ಸಿನಲ್ಲಿ ಇನ್ನೇನು ಕಲಿಯಲಿ? (ಮುಧೋಳ)

ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ 39 ಅಂದರೆ ಇನ್ನೂ ಸುಮಾರು ಇಪ್ಪತ್ತು ವರ್ಷದ ನೌಕರಿ ಮುಂದಿದೆ, ಅದನ್ನು ಬೇಜಾರಿನಲ್ಲಿ ಕಳೆಯಬೇಡಿ. ನಿಮ್ಮ ಉದ್ಯೋಗಕ್ಕೆ ಒಂದು ದೊಡ್ಡ ಅನುಕೂಲ ಇದೆ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಓವರ್‌ಹಾಲ್ ತಿಂಗಳುಗಳಲ್ಲಿ ಬಾಯ್ಲರ್, ಟರ್ಬೈನ್, ಮಿಲ್ ಎಲ್ಲಾ ಬಿಚ್ಚಿ ಇಟ್ಟಿರುತ್ತಾರೆ. ಉಳಿದ ಕಾರ್ಖಾನೆಯವರಿಗೆ ಇಂಥ ಪಾಠಶಾಲೆ ಸಿಗುವುದಿಲ್ಲ. ನಿಮ್ಮ ವಿಭಾಗ ಬಿಟ್ಟು ಪಕ್ಕದ ವಿಭಾಗದ ಓವರ್‌ಹಾಲ್‌ಗೂ ಹೋಗಿ. ಕೋ-ಜನರೇಷನ್ (ಕಾರ್ಖಾನೆಯಲ್ಲೇ ಕರೆಂಟು ತಯಾರಿಕೆ) ಇದ್ದರೆ ಒಂದು ಟನ್ ಬಗಾಸಿಗೆ (ರಸ ಹಿಂಡಿದ ಕಬ್ಬಿನ ಸಿಪ್ಪೆಗೆ) ಎಷ್ಟು ಸ್ಟೀಮ್, ಅಷ್ಟು ಸ್ಟೀಮಿಗೆ ಎಷ್ಟು ಯೂನಿಟ್ ಕರೆಂಟು, ನಮ್ಮಲ್ಲಿ ಎಲ್ಲಿ ನಷ್ಟ ಆಗುತ್ತಿದೆ ಅನ್ನುವ ಲೆಕ್ಕ ನಿಮ್ಮ ಬಾಯಲ್ಲಿ ಇರಬೇಕು. ಚೀಫ್ ಎಂಜಿನಿಯರ್ ಕುರ್ಚಿಯಲ್ಲಿ ಕೂತವರು ಮಾಡುವುದು ಈ ಲೆಕ್ಕವನ್ನೇ.

ಡಿಪ್ಲೊಮಾ ಇರುವುದರಿಂದ ಬಾಯ್ಲರ್ ಆಪರೇಷನ್ ಎಂಜಿನಿಯರ್ ಪರೀಕ್ಷೆಗೆ ನಿಮ್ಮ ಅನುಭವ ಸಾಲುತ್ತದಾ ಅಂತ ರಾಜ್ಯದ ಕಾರ್ಖಾನೆ, ಬಾಯ್ಲರ್ ಇಲಾಖೆಯಲ್ಲಿ ಕೇಳಿ. ಆ ಸರ್ಟಿಫಿಕೇಟಿಗೆ ಸಕ್ಕರೆ ಕಾರ್ಖಾನೆಯಲ್ಲೂ, ಪವರ್ ಪ್ಲಾಂಟಿನಲ್ಲೂ ಬೆಲೆ ಇದೆ. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯ ಕೋರ್ಸುಗಳನ್ನೂ ನೋಡಿ.

ಇಂಗ್ಲಿಷಿಗೆ ದೊಡ್ಡ ಕ್ಲಾಸ್ ಬೇಡ. ಪ್ರತಿ ಬ್ರೇಕ್‌ಡೌನ್ ಆದಾಗ ಐದು ಸಾಲು ಬರೆಯಿರಿ: ಏನಾಯಿತು, ಎಷ್ಟು ಹೊತ್ತಿಗೆ, ಯಾಕೆ, ಏನು ಮಾಡಿದೆವು, ಮತ್ತೆ ಆಗದಂತೆ ಏನು ಮಾಡಬೇಕು. ಮೊದಲು ಕನ್ನಡದಲ್ಲಿ ಯೋಚಿಸಿ, ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಕಾರ್ಖಾನೆಯ ಇಂಗ್ಲಿಷಿನಲ್ಲಿ ಅವೇ ಪದಗಳು ತಿರುಗಿ ತಿರುಗಿ ಬರುತ್ತವೆ, ಒಂದು ಹಂಗಾಮಿನಲ್ಲಿ ಕೈಗೆ ಹತ್ತುತ್ತದೆ. ತಿದ್ದಿ ಕೊಡು ಅಂತ ಆ ಬಿಇ ಹುಡುಗನನ್ನೇ ಕೇಳಿ. ಅವನಿಗೆ ಬಾಯ್ಲರಿನ ಸದ್ದು ಕೇಳಿ ತೊಂದರೆ ಗುರುತಿಸುವುದು ಗೊತ್ತಿಲ್ಲ, ನಿಮಗೆ ಎಕ್ಸೆಲ್ ಗೊತ್ತಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಕಲಿಸಿದರೆ ಇಬ್ಬರೂ ಮೇಲೆ ಹೋಗುತ್ತೀರಿ, ಅವನ ಮೇಲೆ ಮುನಿಸು ಇಟ್ಟುಕೊಂಡರೆ ನಿಮಗೇ ಲುಕ್ಸಾನು.

ಮಗ ಅಪ್ರೆಂಟಿಸ್ ಬಿಟ್ಟು ಪುಣೆಗೆ ಡೆಲಿವರಿ ಕೆಲಸಕ್ಕೆ ಹೋಗ್ತೀನಿ ಅಂತಾನೆ. ಅಲ್ಲಿ ರೊಕ್ಕ ಜಾಸ್ತಿಯಂತೆ. ಏನು ಹೇಳಲಿ? (ಗೋಕಾಕ)

ಅಕ್ಕಾ, ಅವನು ಹೇಳುವುದರಲ್ಲಿ ಸುಳ್ಳಿಲ್ಲ. 2019ರ ನಿಯಮದಲ್ಲಿ ಐಟಿಐ ಪಾಸಾದ ಅಪ್ರೆಂಟಿಸಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7000 ಇತ್ತು, ಡೆಲಿವರಿಯಲ್ಲಿ ಅದಕ್ಕಿಂತ ಹೆಚ್ಚು ಸಿಗಬಹುದು. ಮನೆಯಲ್ಲಿ ನಿಜವಾಗಿ ಅಡಚಣೆ ಇದ್ದರೆ ಅವನನ್ನು ಬೈಯಬೇಡಿ. ಇಲ್ಲದಿದ್ದರೆ ಇಷ್ಟು ಕೇಳಿ: ಇನ್ನೆಷ್ಟು ತಿಂಗಳು ಉಳಿದಿದೆ? ನಡುವೆ ಬಿಟ್ಟರೆ ಕೊನೆಯ ಪರೀಕ್ಷೆ ಇಲ್ಲ, ಪ್ರಮಾಣಪತ್ರ ಇಲ್ಲ. ಮುಗಿಸಿಕೊಂಡು ಪುಣೆಗೆ ಹೋದರೆ ಅಲ್ಲಿಯ ಕಾರ್ಖಾನೆಗಳಲ್ಲೇ ಕೆಲಸ ಕೇಳಬಹುದು. ಆ ತಿಂಗಳುಗಳಿಗೆ ಬಸ್ ಪಾಸ್, ಊಟದ ಖರ್ಚನ್ನು ಮನೆಯಿಂದ ಸ್ವಲ್ಪ ಕೊಡಲು ಆಗುತ್ತದಾ ನೋಡಿ. ಎಷ್ಟೋ ಹುಡುಗರು ಬಿಡುವುದು ಆ ಸಣ್ಣ ಖರ್ಚಿಗೇ.

ಐಟಿಐ ಎಲೆಕ್ಟ್ರಿಷಿಯನ್ ಆಗಿದ್ದೇನೆ. ಮೆಂಟೆನೆನ್ಸ್ ವಿಭಾಗಕ್ಕೆ ಹೆಣ್ಣುಮಕ್ಕಳು ಬೇಡ ಅಂತಾರೆ. ನಾನು ಮೆಂಟೆನೆನ್ಸ್ ಮ್ಯಾನೇಜರ್ ಆಗುವ ಆಸೆ ಇಟ್ಟುಕೊಳ್ಳಬಹುದಾ ಸರ್? (ವಿಜಯಪುರ)

ಇಟ್ಟುಕೋ ತಂಗೀ, ಗಟ್ಟಿಯಾಗಿ ಇಟ್ಟುಕೋ. ಮೋಟಾರು ಸುಟ್ಟಾಗ ರಿಪೇರಿ ಮಾಡುವವರು ಗಂಡೋ ಹೆಣ್ಣೋ ಅಂತ ಮೋಟಾರು ಕೇಳುವುದಿಲ್ಲ. ನಿಮ್ಮ ಜಿಲ್ಲೆಯ ಕೂಡಗಿಯಲ್ಲೇ 800 ಮೆಗಾವಾಟಿನ ಮೂರು ಘಟಕಗಳ ವಿದ್ಯುತ್ ಸ್ಥಾವರ ಇದೆ, ಸುತ್ತ ಸಕ್ಕರೆ ಕಾರ್ಖಾನೆಗಳಿವೆ, ಅಪ್ರೆಂಟಿಸ್ ಪ್ರಕಟಣೆಗಳನ್ನು ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ನೋಡುತ್ತಿರು. ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್ ತೆಗೆದುಕೋ, ಅನುಭವ ಆದ ಮೇಲೆ ಸೂಪರ್‌ವೈಸರ್ ಪರ್ಮಿಟ್. ಅದು ಕೈಯಲ್ಲಿದ್ದರೆ "ಬೇಡ" ಅನ್ನುವವರ ಬಾಯಿ ಅರ್ಧ ಮುಚ್ಚುತ್ತದೆ. ಜೊತೆಗೆ ಪಿಎಲ್‌ಸಿ (ಮಷೀನನ್ನು ತಾನಾಗಿ ನಡೆಸುವ ಚಿಕ್ಕ ಕಂಪ್ಯೂಟರ್), ಡ್ರೈವ್ (ಮೋಟಾರಿನ ವೇಗ ಬದಲಿಸುವ ಸಾಧನ) ಕಲಿ. ಹಳೆಯ ಎಲೆಕ್ಟ್ರಿಷಿಯನ್‌ಗಳಲ್ಲಿ ಬಹಳ ಜನ ಇದನ್ನು ಮುಟ್ಟಲು ಅಂಜುತ್ತಾರೆ, ಹಾಗಾಗಿ ಗೊತ್ತಿರುವವರನ್ನು ಹುಡುಕಿಕೊಂಡು ಬರುತ್ತಾರೆ. ಸೇರುವ ಮೊದಲು ರಾತ್ರಿ ಪಾಳಿ, ವಾಹನ, ಬಟ್ಟೆ ಬದಲಿಸುವ ಕೋಣೆ, ಶೌಚಾಲಯದ ವ್ಯವಸ್ಥೆಯನ್ನು ನೇರವಾಗಿ ಕೇಳು, ಸಂಕೋಚ ಬೇಡ. ಸರಿಯಾದ ಉತ್ತರ ಕೊಡದ ಜಾಗ ಬಿಟ್ಟು ಇನ್ನೊಂದು ಕಡೆ ಅರ್ಜಿ ಹಾಕು.